ಡಾಂಬರಾಸುರನಿಗೆ ಮಂಗಳ

“ಟಾರು ಕುಡಿದವನು ತೇಗಿದರೆ ಯಾವ ಸದ್ದು ಬರುತ್ತೆ?”

ಪ್ರಭುಸ್ವಾಮಿ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಿರಲಿಲ್ಲ. ಮೊದಲ ಪಾಳಿಗೆಂದು ಮೈಸೂರಿನ ಕೆಸರೆಯಿಂದ ಹೆಬ್ಬಾಳದ ಕಡೆಗೆ ಹೊರಟ ಬಸ್ಸಿನಲ್ಲಿ, ಮೇಲಿನ ಕಂಬಿಗೆ ಜೋತುಬಿದ್ದು, ಕಿಟಕಿಯಾಚೆಯ ಬೆಳಗಿನ ಮಬ್ಬಿಗೆ ಕೇಳಿದ್ದು. ಆದರೆ ಪಾಳಿ ಬಸ್ಸಿನಲ್ಲಿ ಗಾಳಿಗೆ ಕೇಳಿದ ಪ್ರಶ್ನೆಗೂ ಉತ್ತರ ಹೇಳುವವರಿಗೆ ಬರವೇ?

“ಯಾರ್ ಸ್ವಾಮಿ ಕುಡ್ದೋರು?” ಎಂದು ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. “ನಿಮ್ ಮನೇವ್ರಾ?”

“ಮನೇವ್ರಲ್ಲಪ್ಪ. ರಾಕ್ಷಸ.”

“ಎಷ್ಟ್ ಕುಡ್ದವ್ನೆ?” ಟಿಫನ್ ಬಾಕ್ಸನ್ನು ಎದೆಗವಚಿಕೊಂಡು ತೂಕಡಿಸುತ್ತಿದ್ದ ಹಿರಿಯರೊಬ್ಬರು ಕಣ್ಣು ತೆರೆಯದೆಯೇ ವಿಚಾರಿಸಿದರು.

“ಎರಡು ಡ್ರಮ್ಮು.”

“ಬರೀ ಹೊಟ್ಟೇಲೋ, ಊಟ ಆದ್ಮೇಲೋ?”

ಈ ನಿಟ್ಟಿನಲ್ಲಿ ಪ್ರಭುಸ್ವಾಮಿ ಯೋಚಿಸಿರಲಿಲ್ಲ. ಅಷ್ಟರಲ್ಲಿ ಬಸ್ಸು ರಿಂಗ್ ರೋಡಿನ ದೊಡ್ಡ ಗುಂಡಿಯೊಂದಕ್ಕೆ ಇಳಿದು, ಒಳಗಿದ್ದ ಐವತ್ತು ಜನರ ಸಮೇತ ‘ಘೊಳಕ್... ಬ್ರ್ರಾವ್!’ ಎಂದು ಮೇಲೆದ್ದಿತು. ಅವನು ಕಂಬಿ ಬಿಟ್ಟು, ಪಕ್ಕದವರ ಹೆಗಲ ಮೇಲೆಯೇ ಟಿಕೆಟ್ಟಿಟ್ಟು, ಅದರ ಬೆನ್ನಿಗೆ ಆ ಸದ್ದನ್ನು ಬರೆದುಕೊಂಡ. ಸರಸ್ವತಿ ಹಂಸವನ್ನೇ ಏರಿ ಬರಬೇಕೆಂಬ ಕಾನೂನೇನೂ ಇಲ್ಲ. ಕೊಡುವ ಮನಸ್ಸಿದ್ದರೆ ಸಿಟಿ ಬಸ್ಸಿನಲ್ಲೂ ಬಂದಾಳು.

ಪ್ರಭುಸ್ವಾಮಿ ಹೊಟ್ಟೆಪಾಡಿಗೆ ಪಂಪಿನ ವಾಲ್ವು ಮಾಡುವ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತ, ಜೀವದ ಪಾಡಿಗೆ ಕಾಮಿಕ್ಸ್ ಬರಹಗಾರ. ಒಂಬತ್ತು ವರ್ಷಗಳಿಂದ ‘ಪೀಪಿ’ ಎಂಬ ಮಕ್ಕಳ ಮಾಸಿಕಕ್ಕೆ ‘ಬಿರುಗಾಳಿ ಬೋರ’ನ ಸಾಹಸಗಳನ್ನು ಬರೆಯುತ್ತಿದ್ದ. ಕಾರ್ಖಾನೆಯ ಉದ್ದನೆಯ ರಿಜಿಸ್ಟರು ಪುಸ್ತಕದಲ್ಲಿ ನಡುವೆ ಒಂದು ಗೆರೆ. ಎಡಗಡೆಗೆ ಚಿತ್ರದಲ್ಲಿ ಏನಿರಬೇಕೆಂಬ ವಿವರ, ಬಲಗಡೆಗೆ ಪಾತ್ರಗಳ ಮಾತು, ಗುದ್ದಾಟದ ಸದ್ದು. ಬರೆದಷ್ಟನ್ನು ಆಗಾಗಲೇ ನೋಡಿಕೊಂಡು ಲಷ್ಕರ್ ಮೊಹಲ್ಲಾದ ಡೆನ್ನಿಸ್ ಚಿತ್ರ ಬಿಡಿಸುತ್ತಿದ್ದ. ಡೆನ್ನಿಸ್ ಅಂಗಡಿಗಳ ಬೋರ್ಡು ಬರೆಯುವ ಕಲಾವಿದ, ಜಾಣ. ‘ಪೀಪಿ’ಯಲ್ಲಿ ಯಾರ ಹೆಸರನ್ನೂ ಹಾಕುವ ಪದ್ಧತಿ ಇಲ್ಲದಿದ್ದರೂ ಚಿತ್ರದ ಮೂಲೆಯ ಕಲ್ಲಿನ ಮೇಲೋ ನಾಯಿಯ ಹೊಟ್ಟೆಯ ಮೇಲೋ ತನ್ನ ಸಹಿ ಸೇರಿಸಿಬಿಡುತ್ತಿದ್ದ. ಮಾತಿಗೆ ಮೂಲೆ ಎಲ್ಲಿಂದ ಬರಬೇಕು? ಹಾಗಾಗಿ ಒಂಬತ್ತು ವರ್ಷದಲ್ಲಿ ಪ್ರಭುಸ್ವಾಮಿಯ ಹೆಸರು ಅಚ್ಚಾದದ್ದು ಎರಡೇ ಕಡೆ: ಮದುವೆಯ ಕರೆಯೋಲೆಯಲ್ಲಿ, ಆಮೇಲೆ ಮತದಾರರ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಅವನನ್ನು ಹೆಂಗಸೆಂದು ನಮೂದಿಸಿದ್ದರು.

ಆ ದಿನ ಮಧ್ಯಾಹ್ನದ ಚಹಾದ ಹೊತ್ತಿಗೆ ಬೆಂಗಳೂರಿನಿಂದ ‘ಪೀಪಿ’ಯ ಸಂಪಾದಕ ಅಭಿಲಾಷ್ ಫೋನು ಮಾಡಿದ.

“ಸಾರ್, ‘ಡಾಂಬರಾಸುರ ವಧೆ’ನ ಪುಸ್ತಕ ಮಾಡ್ತಿದ್ದೀವಿ. ಮೂವತ್ತೆರಡು ಪುಟ, ಪೂರ್ತಿ ಬಣ್ಣ. ಮುಖಪುಟದ ಮೇಲೆ ‘ಕಥೆ: ಪ್ರಭುಸ್ವಾಮಿ’, ಕೆಳಗೆ ‘ಚಿತ್ರ: ಡೆನ್ನಿಸ್’. ದಪ್ಪ ಅಕ್ಷರ!”

ಪ್ರಭುಸ್ವಾಮಿ ಪಕ್ಕದಲ್ಲಿದ್ದ ವಾಲ್ವಿನ ಪೆಟ್ಟಿಗೆಯ ಮೇಲೆ ಕುಳಿತ.

“ಎಷ್ಟು ದಪ್ಪ ಸಾರ್?”

“ನಿಮ್ಮ ಹೆಬ್ಬೆಟ್ಟಿನಷ್ಟು. ಆದ್ರೆ ಒಂದು ಮಾತು. ರಾಕ್ಷಸನ್ನ ಸಾಯಿಸ್ಬೇಡಿ. ಬೋರನ್ನ ಎಲ್ಲಾದ್ರೂ ನೇತುಹಾಕಿ ‘ಮುಂದುವರಿಯುವುದು’ ಅಂತ ನಿಲ್ಸಿ. ಎರಡನೇ ಭಾಗ ಮಾಡ್ಬೇಕು. ಈ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಸಾಯಂಕಾಲ ನಾನೇ ಮೈಸೂರಿಗೆ ಬಂದು ಬರವಣಿಗೆ ತಗೊಂಡೋಗ್ತೀನಿ. ಮಂಗಳವಾರ ಪ್ರೆಸ್ಸಿಗೆ.”

“ಆಗ್ಲಿ ಸಾರ್, ನೇತುಹಾಕ್ತೀನಿ,” ಎಂದ ಪ್ರಭುಸ್ವಾಮಿ. ಆ ವಾರವೇ ಬೋರನನ್ನು ಕುದಿಯುವ ಟಾರಿನ ಡ್ರಮ್ಮಿನ ಮೇಲೆ ತಲೆಕೆಳಗಾಗಿ ನೇತುಹಾಕಿ ಕೈತೊಳೆದುಕೊಂಡ.

ದಪ್ಪ ಅಕ್ಷರದಲ್ಲಿ ಹೆಸರು ಬರುತ್ತದೆಂದು ತಿಳಿದ ಮೇಲೆ ಮನುಷ್ಯನ ಕುತ್ತಿಗೆ ಸ್ವಲ್ಪ ನೆಟ್ಟಗಾಗುವುದು ಸಹಜ. ಭಾನುವಾರ ಊಟಕ್ಕೆ ಬಂದ ಮಾವನವರ ಎದುರು ಅದು ಅಗತ್ಯಕ್ಕಿಂತ ತುಸು ಹೆಚ್ಚೇ ನೆಟ್ಟಗಾಯಿತು.

ಮಾವ ಸದಾಶಿವಯ್ಯನವರು ಸಾಮಾನ್ಯರಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು, ನಲವತ್ತು ವರ್ಷಗಳಿಂದ ಮಠದಲ್ಲಿ ಶ್ರಾವಣ ಸೋಮವಾರಗಳಂದು ಕಾವ್ಯವಾಚನ ಮಾಡುವವರು. ಅವರು ರಾಗವಾಗಿ ಪದ್ಯ ಓದಿದರೆ ಅವರ ಸ್ನೇಹಿತ ಮೂಗಯ್ಯನವರು ಅದಕ್ಕೆ ಅರ್ಥ ಬಿಡಿಸುತ್ತಿದ್ದರು. ಸದಾಶಿವಯ್ಯನವರ ದೃಷ್ಟಿಯಲ್ಲಿ ಪದ್ಯವಲ್ಲದ ಬರವಣಿಗೆ ಎಂದರೆ ದಿನಸಿ ಚೀಟಿ. ಅಳಿಯ ‘ಏನೋ ಬರೆಯುತ್ತಾನೆ’ ಎಂದು ಕೇಳಿದ್ದರೇ ಹೊರತು ಏನೆಂದು ಅವರಿಗೆ ಮಗಳು ಸುಷ್ಮಾ ಹೇಳಿರಲಿಲ್ಲ. ‘ಪೀಪಿ’ ಎಂಬ ಶಬ್ದವನ್ನು ತಂದೆಯ ಮುಂದೆ ಉಚ್ಚರಿಸುವುದು ಹೇಗೆಂದು ಒಂಬತ್ತು ವರ್ಷವಾದರೂ ಆಕೆಗೆ ಹೊಳೆದಿರಲಿಲ್ಲ.

“ಈಗ ಏನು ಬರೀತಿದ್ದೀರಿ ಅಳಿಯಂದ್ರೇ?” ಎಂದು ಅವರು ಅನ್ನಕ್ಕೆ ಹುಳಿ ಕಲೆಸುತ್ತಾ ಕೇಳಿದರು.

“‘ಡಾಂಬರಾಸುರ ವಧೆ’ ಮಾವ. ಪುಸ್ತಕ ಆಗ್ತಿದೆ.”

ಸದಾಶಿವಯ್ಯನವರ ಕೈ ತುತ್ತಿನ ಸಮೇತ ನಿಂತಿತು. “ಅಸುರವಧೆಯೇ! ದೊಡ್ಡದೋ?”

“ಮೂವತ್ತೆರಡು ಪು...” ಎಂದವನು, ಪುಟವೆಂದರೆ ಸಣ್ಣದಾಯಿತೆಂದುಕೊಂಡು, “ಮೂವತ್ತೆರಡು ಸಂಧಿ” ಎಂದುಬಿಟ್ಟ.

ಬಡಿಸುತ್ತಿದ್ದ ಸುಷ್ಮಾಳ ಸೌಟು ಪಾತ್ರೆಗೆ ತಗುಲಿ ಠಣ್ ಎಂದಿತು.

“ಶಿವ ಶಿವಾ! ಮನೇಲಿ ಮಹಾಕಾವ್ಯ ಇಟ್ಕೊಂಡು ಬಾಯಿ ಬಿಡ್ಲಿಲ್ವಲ್ಲ ನೀವು! ರಸ?”

“ವೀರರಸ ಮಾವ. ಅಲ್ಲಲ್ಲಿ ಡಾಂಬರು.”

“ಮೂಲ ಯಾವ ಪುರಾಣ?”

“ಸ್ಥಳಪುರಾಣ. ನಮ್ಮ ರಿಂಗ್ ರೋಡಿನ ಆಚೀಚೆ ನಡೆದದ್ದು.”

“ನಾನು ಕೇಳೇ ಇಲ್ವಲ್ಲ!”

“ಜಾಸ್ತಿ ಜನ ಕೇಳಿಲ್ಲ ಮಾವ,” ಎಂದು ಅಳಿಯ ವಿನಯದಿಂದ ತಲೆ ತಗ್ಗಿಸಿದ. ಆ ಒಂದು ವಾಕ್ಯ ಮಾತ್ರ ನಿಜವಾಗಿತ್ತು.

ಸುಳ್ಳಿಗೂ ಹಲಸಿನ ಅಂಟಿಗೂ ಒಂದೇ ಗುಣ. ಹಚ್ಚಿಕೊಳ್ಳುವಾಗ ಸಲೀಸು. ಬುಧವಾರ ಪಾಳಿ ಮುಗಿಸಿ ಮನೆಗೆ ಬಂದರೆ ಟೇಬಲ್ಲಿನ ಮೇಲೆ ರಿಜಿಸ್ಟರು ಇರಲಿಲ್ಲ.

“ಅಪ್ಪ ಬಂದಿದ್ರು. ತಗೊಂಡೋದ್ರು,” ಎಂದಳು ಸುಷ್ಮಾ ಬಟ್ಟೆ ಮಡಿಸುತ್ತಾ.

“ಕೊಟ್ಬುಟ್ಯಾ!”

“ಅಪ್ಪ ಅಳಿಯನ ಕಾವ್ಯ ಕೇಳಿದ್ರೆ ಇಲ್ಲ ಅಂತ ಹೆಂಗನ್ಲಿ? ಮೂವತ್ತೆರಡು ಸಂಧಿ ಅಂದಿದ್ದು ನಾನಾ?”

“ಅಯ್ಯೋ, ಅದೊಂದೇ ಪ್ರತಿ ಕಣೇ! ಸೋಮವಾರ ಅಭಿಲಾಷ್ ಕೈಗೆ ಕೊಡ್ಬೇಕು. ಇಲ್ದಿದ್ರೆ ಪುಸ್ತಕ ಹೋಯ್ತು, ಹೆಸರು ಹೋಯ್ತು.”

“ಹಂಗಾದ್ರೆ ಹೋಗಿ ನಿಜ ಹೇಳಿ ಇಸ್ಕೊಂಬನ್ರೀ.”

ಪ್ರಭುಸ್ವಾಮಿ ಮಾವನ ಮನೆಗೆ ಓಡಿದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಶ್ರುತಿಪೆಟ್ಟಿಗೆಯ ಗುಂಜಾರ ಕೇಳಿಸಿತು. ಅದರ ಮೇಲೆ ಮಾವನವರ ಕಂಚಿನ ಕಂಠ, ಮೋಹನ ರಾಗದಲ್ಲಿ, ಒಂದೊಂದೇ ಅಕ್ಷರವನ್ನು ಮುದ್ದಿಸುತ್ತಾ ಏರುತ್ತಿತ್ತು: “ಘೊಳಕ್... ಘೊಳಘೊಳಕ್... ಬ್ರ್ರಾ... ಆ... ಆ... ವ್!”

ಒಳಗೆ ಮೂಗಯ್ಯನವರು ಕಣ್ಣೊರೆಸಿಕೊಳ್ಳುತ್ತಿದ್ದರು.

“ಬನ್ನಿ ಕವಿಗಳೇ!” ಎಂದು ಸದಾಶಿವಯ್ಯ ಎದ್ದುನಿಂತರು. ಒಂಬತ್ತು ವರ್ಷದಲ್ಲಿ ಮಾವನವರು ಅಳಿಯನಿಗೆ ಎದ್ದದ್ದು ಅದೇ ಮೊದಲು. “ನಲವತ್ತು ವರ್ಷದಿಂದ ಓದ್ತಿದ್ದೀನಿ, ಇಂಥ ಬೀಜಾಕ್ಷರಗಳನ್ನ ಕಂಡಿಲ್ಲ. ಧಡ್, ಧಡಲ್, ಧಡಾರ್! ಅರ್ಥದ ಹಂಗೇ ಇಲ್ಲ! ಶುದ್ಧ ನಾದ!”

“ಅಷ್ಟೇ ಅಲ್ಲ,” ಎಂದರು ಮೂಗಯ್ಯ. “ಕವಿಗಳು ಎಡಗಡೆ ತಾವೇ ಟೀಕೆ ಬೇರೆ ಬರೆದವ್ರೆ! ‘ಚಿತ್ರ ಮೂರು. ಮೇಲಿಂದ ನೋಟ. ರಾಕ್ಷಸ ರಸ್ತೆಯನ್ನು ಚಾಪೆಯಂತೆ ಸುತ್ತುತ್ತಿದ್ದಾನೆ.’ ಮೇಲಿಂದ ನೋಟ ಅಂದ್ರೆ ಶಿವನ ನೋಟ ಅಲ್ವರಾ?”

ಇಬ್ಬರು ಹಿರಿಯರ ನಾಲ್ಕು ಕಣ್ಣುಗಳೂ ಅವನನ್ನೇ ನೋಡುತ್ತಿದ್ದವು. ಆ ಕಣ್ಣುಗಳಿಗೆ ‘ಅಲ್ಲ, ಅದು ಡೆನ್ನಿಸ್‌ಗೆ ಹೇಳಿದ್ದು’ ಎನ್ನಲು ಬೇಕಾದ ಎದೆ ಪಂಪಿನ ವಾಲ್ವು ಎಣಿಸುವ ಗುಮಾಸ್ತನಿಗೆ ಎಲ್ಲಿಂದ ಬರಬೇಕು?

“ಮಾವ, ಆ ಪುಸ್ತಕ ಒಂದ್ಸಲ ಕೊಟ್ಟಿದ್ರೆ...”

“ಸೋಮವಾರ ಕೊಡ್ತೀನಿ. ಸಂಜೆ ಐದೂವರೆಗೆ ಮಠದಲ್ಲಿ ವಾಚನ ಇಟ್ಟಾಯ್ತು. ಕರಪತ್ರ ಅಚ್ಚಿಗೆ ಹೋಯ್ತು. ಕೊನೇ ಸಂಧಿ ಮಾತ್ರ ಇನ್ನೂ ಓದಿಲ್ಲ. ಕಥೆಯ ಕೊನೇನ ಸಭೆಗಿಂತ ಮೊದಲು ನಾನೊಬ್ಬನೇ ಉಣ್ಣೋದಿಲ್ಲ, ಅದು ನನ್ನ ವ್ರತ.”

“ಆಗ್ಲಿ ಮಾವ,” ಎಂದು ಪ್ರಭುಸ್ವಾಮಿ ಕಾಫಿ ಕುಡಿದು ಬರಿಗೈಯಲ್ಲಿ ಹಿಂದಿರುಗಿದ.

ಕರಪತ್ರ ಗುರುವಾರವೇ ಊರು ಸೇರಿತು. ‘ಮಹಾಕವಿ ಶ್ರೀ ಪ್ರಭುಸ್ವಾಮಿ ವಿರಚಿತ ಡಾಂಬರಾಸುರ ವಧೆ’. ಹಾಲಿನವನು ಪ್ಯಾಕೆಟ್ಟಿನ ಜೊತೆ ನಮಸ್ಕಾರವನ್ನೂ ಹಾಕಿ ಹೋದ. ಎದುರುಮನೆಯವರು ಗೃಹಪ್ರವೇಶದ ಕರೆಯೋಲೆಗೆ ‘ನಾಲ್ಕೇ ಸಾಲು, ಪ್ರಾಸ ಇರಬೇಕು, ಬೋರ್‌ವೆಲ್ಲಿನ ವಿಷಯವೂ ಬರಬೇಕು’ ಎಂದು ಬೇಡಿದರು. ಕಾರ್ಖಾನೆಯಲ್ಲಿ ಮೇಲ್ವಿಚಾರಕರು ಸುರಕ್ಷತಾ ಸಪ್ತಾಹಕ್ಕೆ ಹೆಲ್ಮೆಟ್ಟಿನ ಮೇಲೊಂದು ಪದ್ಯ ಕೇಳಿದರು. ಬಸ್ಸಿನಲ್ಲಿ ಟಿಫನ್ ಬಾಕ್ಸಿನ ಹಿರಿಯರು ಅವನಿಗೆ ಜಾಗ ಬಿಟ್ಟುಕೊಟ್ಟು, ತಾವು ನಿಂತುಕೊಂಡರು. ಎಲ್ಲರಿಗೂ ಪ್ರಭುಸ್ವಾಮಿ ‘ಆಗ್ಲಿ’ ಎಂದ.

ಶನಿವಾರ ಅವನು ಲಷ್ಕರ್ ಮೊಹಲ್ಲಾದಲ್ಲಿ ಡೆನ್ನಿಸ್‌ನ ಮನೆ ಸೇರಿ ಎಲ್ಲವನ್ನೂ ಒದರಿದ. ಡೆನ್ನಿಸ್ ಕರಪತ್ರವನ್ನು ಎರಡು ಸಲ ಓದಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ.

“ಲೋ, ನನ್ ಹೆಸ್ರೆಲ್ಲೋ?”

“ಕಾವ್ಯಕ್ಕೆ ಚಿತ್ರ ಇರಲ್ವಲ್ಲ ಗುರು...”

“ಓಹೋ! ಒಂಬತ್ತು ವರ್ಷ ಆ ಬೋರನಿಗೆ ಮೀಸೆ ಬರೆದೋನು ನಾನು. ಇವತ್ತು ನೀನು ಮಹಾಕವಿ, ನಾನು ಬೋರ್ಡು ಬರೆಯೋನಾ? ನಿಮ್ಮ ಮಾವನಿಗೆ ನಿಜ ಹೇಳು. ಇಲ್ಲ ಅಂದ್ರೆ ಸೋಮವಾರ ನಾನೇ ಚಿತ್ರ ಎಲ್ಲಾ ತಗೊಂಡು ಬಂದು ಮಠದಲ್ಲಿ ತೋರಿಸ್ತೀನಿ.”

ಡೆನ್ನಿಸ್‌ನ ತಾಯಿ ಕ್ಯಾಥರೀನಮ್ಮ ಚಹಾ ತಂದಿಟ್ಟರು. ಅವರಿಗೆ ಇಂಥ ಕಾಯಿಲೆಗೆ ಒಂದೇ ಔಷಧ ಗೊತ್ತಿತ್ತು.

“ಪಾಪ ಮಾಡಿದ್ಮೇಲೆ ಒಪ್ಕೊಂಡ್ಬುಡ್ಬೇಕು ಕಣಪ್ಪ. ಚರ್ಚಿಗೆ ಬಾ, ಫಾದರ್ ಹತ್ರ ಹೇಳ್ಬುಡು. ಮನ್ಸು ಹಗುರ ಆಯ್ತದೆ.”

“ನಾವು ಲಿಂಗ ಕಟ್ಟೋರಲ್ವಾ ಅಮ್ಮ?”

“ಆದ್ರೇನು? ಕೇಳೋದು ಕಿವಿ. ಕಿವಿಗೇನ್ ಮಠ, ಚರ್ಚು?”

“ಫಾದರಿಗೆ ಹೇಳಿದ್ರೆ ರಿಜಿಸ್ಟರು ವಾಪಸ್ ಬರುತ್ತಾ?”

“ಮೋಕ್ಷ ಸಿಗ್ತದೆ.”

“ಸೋಮವಾರದೊಳಗೆ ರಿಜಿಸ್ಟರು ಬೇಕು ಅಮ್ಮ. ಮೋಕ್ಷ ನಿಧಾನಕ್ಕೆ ಆಗ್ಲಿ.”

ಸೋಮವಾರ ಐದೂವರೆಗೆ ಮಠದ ಸಭಾಂಗಣದಲ್ಲಿ ಜಮಖಾನೆ ಕಾಣದಷ್ಟು ಜನ. ವೇದಿಕೆಯ ನಡುವೆ ಸದಾಶಿವಯ್ಯ, ಮುಂದೆ ವ್ಯಾಸಪೀಠ, ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ ಕಾರ್ಖಾನೆಯ ರಿಜಿಸ್ಟರು. ಪಕ್ಕದಲ್ಲಿ ಮೂಗಯ್ಯ. ಇನ್ನೊಂದು ಪಕ್ಕದಲ್ಲಿ ಮೈಸೂರು ಪೇಟ ತೊಟ್ಟ ಮಹಾಕವಿ, ನೇಣುಗಂಬಕ್ಕೆ ಬಂದ ಮದುಮಗನಂತೆ. ಮುಖ್ಯ ಅತಿಥಿ ನಾಗಾರ್ಜುನ ಅವರು ರಸ್ತೆ ಕಾಮಗಾರಿಯ ಸಹಾಯಕ ಎಂಜಿನಿಯರು. ಮಠದ ಮುಂದಿನ ರಸ್ತೆ ರಿಪೇರಿ ಆಗಲೆಂಬ ದೂರಾಲೋಚನೆಯಿಂದ ಅವರನ್ನು ಕರೆಸಿದ್ದರು. ಹಿಂದಿನ ಸಾಲಿನಲ್ಲಿ ಡೆನ್ನಿಸ್, ತೊಡೆಯ ಮೇಲೆ ಚಿತ್ರಗಳ ದೊಡ್ಡ ಕಟ್ಟು; ಜೊತೆಗೆ ಕ್ಯಾಥರೀನಮ್ಮ.

ಪ್ರಾರ್ಥನೆ ಮುಗಿಯಿತು. ಸದಾಶಿವಯ್ಯ ಕಣ್ಣು ಮುಚ್ಚಿ, ಅಠಾಣ ರಾಗದಲ್ಲಿ ಆಲಾಪಿಸಿ, ಮೊದಲನೆಯ ‘ಪದ್ಯ’ ಎತ್ತಿಕೊಂಡರು:

“ಲೋ ಬೋರಾ... ಲೋ ಲೋ ಬೋರಾ... ನಿನ್ನ ಮೂಳೆ ಪುಡಿ ಮಾಡಿ ಜಲ್ಲಿಗೆ ಬೆರೆಸುವೆನೋ... ಹಹ್ಹಹ್ಹಾ... ಆ... ಆ!”

ಮೂಗಯ್ಯ ಗಂಟಲು ಸರಿಮಾಡಿಕೊಂಡರು. “ಶರಣಬಂಧುಗಳೇ, ರಾಕ್ಷಸ ‘ಲೋ’ ಅಂದ. ಯಾಕೆ ಅಂದ? ಸಲುಗೆ. ವೈರಿಯಲ್ಲೂ ಸಲುಗೆ ಕಂಡೋನು ಅರ್ಧ ಜ್ಞಾನಿ. ಜಲ್ಲಿ ಅಂದ್ರೇನು? ನಮ್ಮ ದೇಹ. ಡಾಂಬರು ಅಂದ್ರೇನು? ಮೋಹ! ಕಾಲಿಟ್ರೆ ಅಂಟುತ್ತೆ, ಎಳೆದ್ರೆ ಚಪ್ಪಲಿ ಹೋಗುತ್ತೆ!”

“ಎಂಥಾ ಮಾತು!” ಎಂದು ಮುಂದಿನ ಸಾಲಿನ ಹೆಂಗಸರು ನಿಟ್ಟುಸಿರು ಬಿಟ್ಟರು. ಅವರಲ್ಲಿ ಇಬ್ಬರದು ಆ ವಾರವಷ್ಟೇ ಚಪ್ಪಲಿ ಹೋಗಿತ್ತು.

ಮಹಾಕವಿ ತಲೆ ಎತ್ತಲಿಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಒಂದು ವಿಚಿತ್ರ ಅನುಭವವಾಯಿತು. ತಾನು ಬಸ್ಸಿನಲ್ಲಿ, ಸ್ಟೋರಿನಲ್ಲಿ, ಟಿಕೆಟ್ಟಿನ ಬೆನ್ನ ಮೇಲೆ ಗೀಚಿದ ಮಾತುಗಳಿಗೆ ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಬೋರ ಟ್ರಾನ್ಸ್‌ಫಾರ್ಮರಿನಿಂದ ಹಾರಿದಾಗ ‘ಹೋ’ ಎಂದರು. ರಾಕ್ಷಸನ ತೇಗು ಬಂದಾಗ ಇಡೀ ಸಭೆ ಕೈಮುಗಿಯಿತು.

ಅಷ್ಟರಲ್ಲಿ ನಾಗಾರ್ಜುನ ಅವರು ಅವನ ಕಿವಿಯತ್ತ ಬಾಗಿದರು. “ಕವಿಗಳೇ, ಈ ರಾಕ್ಷಸ ರಸ್ತೆ ತಿಂತಾನೆ ಅಂತಿದ್ದೀರಿ. ಯಾವ ಇಲಾಖೆಯೋನು?”

“ಇಲಾಖೆ ಇಲ್ಲ ಸಾರ್. ರಾಕ್ಷಸ, ಅಷ್ಟೇ.”

“ಅದನ್ನೇ ಲಿಖಿತವಾಗಿ ಕೊಡ್ತೀರಾ?”

“ಆಗ್ಲಿ ಸಾರ್.”

ಕೊನೆಯ ಸಂಧಿ ಬಂತು. ಬೋರ ಕುದಿಯುವ ಟಾರಿನ ಮೇಲೆ ತಲೆಕೆಳಗಾಗಿ ತೂಗುತ್ತಿದ್ದಾನೆ. ಹಗ್ಗ ಎಳೆಯೆಳೆಯಾಗಿ ಹರಿಯುತ್ತಿದೆ. ಪಟ್. ಪಟ್. ಉಳಿದದ್ದು ಒಂದೇ ಎಳೆ. ಸದಾಶಿವಯ್ಯನವರ ಕಂಠ ಕರುಣೆಯಿಂದ ನಡುಗಿತು: “ಮುಂದುವರಿಯುವುದು... ಮುಂದು... ವರಿಯುವುದು... ಉ... ಉ...”

“ಮುಂದುವರಿಯೋದು ಯಾವುದು?” ಎಂದು ಮೂಗಯ್ಯ ಕೈ ಎತ್ತಿದರು. “ಆತ್ಮ! ದೇಹ ಹಗ್ಗದಲ್ಲಿ ತೂಗ್ತದೆ, ಆತ್ಮ ಮುಂದುವರೀತದೆ!”

ಸದಾಶಿವಯ್ಯ ಹಾಳೆ ಮಗುಚಿದರು. ಖಾಲಿ. ಇನ್ನೊಂದು ಮಗುಚಿದರು. ‘ಎರಡಿಂಚಿನ ವಾಲ್ವು, ಹನ್ನೆರಡು ಡಜನ್’ ಎಂದಿತ್ತು. ಅದನ್ನೂ ರಾಗಕ್ಕೆ ಎತ್ತಿಕೊಳ್ಳಲು ಹೋಗಿ ತಡೆದರು.

“ಅಳಿಯಂದ್ರೇ, ಮುಂದಿಂದು ಎಲ್ಲಿ?”

“ಅಷ್ಟೇ ಮಾವ.”

“ಅಷ್ಟೇ ಅಂದ್ರೆ? ಇವನು ನೇತಾಡ್ತಿದ್ದಾನೆ!”

ಇಲ್ಲಿ ಆ ಸಭೆಯ ಪದ್ಧತಿಯನ್ನು ಹೇಳಬೇಕು. ಕಥಾನಾಯಕ ಸಂಕಟದಲ್ಲಿರುವಾಗ ಓದು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಆ ಸಂಕಟ ಕೇಳಿದವರ ಮನೆಗೆ ಹೋಗುತ್ತದೆಂಬುದು ಹಿರಿಯರ ನಂಬಿಕೆ. ಅವನು ದಡ ಸೇರಿದ ಮೇಲೆ ಮಂಗಳ ಹಾಡಬೇಕು. ಮಂಗಳವಾದ ಮೇಲೆ ಆರತಿ. ಆರತಿಯಾದ ಮೇಲೆ ಪ್ರಸಾದ. ಈಗ ನೂರು ಮನೆಗಳಿಗೆ ಅರ್ಧ ಹರಿದ ಹಗ್ಗವೊಂದನ್ನು ಹಂಚಿ ಕಳಿಸುವ ಪ್ರಸಂಗ ಬಂದಿತ್ತು. ಏಳಲು ಹೊರಟಿದ್ದ ನಾಲ್ವರು ಹಾಗೆಯೇ ಕುಳಿತರು.

“ನಮ್ ಸೊಸೆ ಬಸುರಿ ಕಣ್ರೀ! ಆ ಹುಡುಗನ್ನ ಇಳ್ಸಿ ಮೊದ್ಲು!” ಎಂದು ಒಬ್ಬಾಕೆ ಕೂಗಿದರು.

ಅಡುಗೆಮನೆಯ ಬಾಗಿಲಿನಿಂದ, ಪ್ರಸಾದ ಮಾಡುತ್ತಿದ್ದ ಮಂಜುಳಮ್ಮನ ದನಿ ಬಂತು: “ಸ್ವಾಮೇರೇ, ಬೇಗ ಇಳ್ಸಿ. ಪುಳಿಯೋಗರೆ ಆರೋಯ್ತದೆ!”

ಪ್ರಭುಸ್ವಾಮಿ ಎದ್ದು ನಿಂತ. ಪೇಟ ಒಂದು ಕಿವಿಯ ಮೇಲಕ್ಕೆ ಜಾರಿತ್ತು. “ಮಾವ, ತಪ್ಪಾಯ್ತು. ಇದು ಕಾವ್ಯ ಅಲ್ಲ. ಕಾಮಿಕ್ಸು. ಮಕ್ಕಳ ಪತ್ರಿಕೇದು. ಸಂಧಿ ಅಲ್ಲ, ಪುಟ. ಎಡಗಡೆ ಇರೋದು ಟೀಕೆ ಅಲ್ಲ, ಚಿತ್ರಕ್ಕೆ ಹೇಳಿದ್ದು. ಚಿತ್ರ ಅಲ್ಲಿ ಕೂತಿರೋ ಡೆನ್ನಿಸ್‌ದು.”

ಡೆನ್ನಿಸ್ ಎದ್ದು ಮೊದಲ ಹಾಳೆಯನ್ನು ಎತ್ತಿ ಹಿಡಿದ. ಕಪ್ಪಗೆ, ಎಂಟು ಕೈಗಳಲ್ಲಿ ಎಂಟು ಬಕೆಟ್ಟು ಹಿಡಿದ ಡಾಂಬರಾಸುರ. ಸಭೆ ‘ಅಬ್ಬಾ!’ ಎಂದು ಹಿಂದೆ ಸರಿಯಿತು.

ಸದಾಶಿವಯ್ಯ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಚಿತ್ರವನ್ನು ನೋಡಿದರು, ಅಳಿಯನನ್ನು ನೋಡಿದರು. ಮುಂದಿನ ಸಾಲಿನಲ್ಲಿ ಸುಷ್ಮಾ ಸೆರಗು ಬಾಯಿಗೊತ್ತಿಕೊಂಡಳು.

“ಕಾವ್ಯವೋ ಕಾಮಿಕ್ಸೋ ಅದನ್ನ ನಾಳೆ ಮಾತಾಡೋಣ,” ಎಂದರು ಅವರು. “ಒಂದೇ ಎಳೆ ಉಳಿದಿದೆಯಲ್ಲಯ್ಯ! ಅವನು ಏನಾದ?”

ಅಳಿಯನನ್ನು ಮೊದಲ ಬಾರಿಗೆ ‘ಅಯ್ಯ’ ಎಂದು ಏಕವಚನದಲ್ಲಿ ಕೂಗಿದ್ದರು. ಅದು ಕೋಪವಲ್ಲ, ತಡೆಯಲಾರದ ಕುತೂಹಲ.

ಆಗಲೇ ಹಿಂಬಾಗಿಲಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡ ಅಭಿಲಾಷ್ ಕಾಣಿಸಿದ. ಮನೆಗೆ ಬೀಗ ಕಂಡು, ಯಾರೋ ಹೇಳಿದ ಮೇಲೆ ಇಲ್ಲಿಗೆ ಬಂದಿದ್ದ. ಜನಸಂದಣಿ ನೋಡಿ ಅವನ ಮುಖ ಅರಳಿತು. ಕೂಡಲೇ ಎರಡೂ ಕೈಗಳನ್ನು ಜೋರಾಗಿ ಆಡಿಸಿ ‘ಸಾಯಿಸ್ಬೇಡಿ, ಸಾಯಿಸ್ಬೇಡಿ’ ಎಂದು ಸನ್ನೆ ಮಾಡಿದ.

ಪ್ರಭುಸ್ವಾಮಿ ಕಣ್ಣು ಮುಚ್ಚಿಕೊಂಡ. “ಅಷ್ಟರಲ್ಲಿ... ಒಂದು ಹೆಲಿಕಾಪ್ಟರ್ ಬಂತು.”

“ಯಾರು ಕಳಿಸಿದ್ದು?” ಎಂದರು ಮೂಗಯ್ಯ ಕಟುವಾಗಿ. “ಮೊದಲೇ ಹೇಳ್ದೆ ಇದ್ದಿದ್ದು ಕೊನೇಲಿ ಬರೋ ಹಂಗಿಲ್ಲ.”

“ಕಾನೂನು ಪ್ರಕಾರ ಮೊದಲು ರಾಕ್ಷಸನಿಗೆ ನೋಟಿಸು ಕೊಡಬೇಕು,” ಎಂದರು ನಾಗಾರ್ಜುನ. “ಹದಿನೈದು ದಿನ ಕಾಲಾವಕಾಶ.”

“ಹದಿನೈದು ದಿನ ಪುಳಿಯೋಗರೆ ಇರ್ತದಾ?” ಎಂದರು ಮಂಜುಳಮ್ಮ.

ಕ್ಯಾಥರೀನಮ್ಮ ಆಗಲೇ ಬೋರನಿಗಾಗಿ ಜಪಸರ ಎಣಿಸತೊಡಗಿದ್ದರು.

“ಗಲಾಟೆ ಮಾಡ್ಬೇಡಿ,” ಎಂದು ಸದಾಶಿವಯ್ಯ ಕೈ ಎತ್ತಿದರು. “ಪ್ರಭು, ನೆಟ್ಟಗೆ ಯೋಚಿಸು. ರಾಕ್ಷಸ ಅಂದ್ಮೇಲೆ ವರ ಇರಬೇಕು. ವರದಲ್ಲೇ ಅವನ ಸಾವೂ ಇರುತ್ತೆ. ಇವನು ಏನು ವರ ಕೇಳಿದ್ದ?”

ಪ್ರಭುಸ್ವಾಮಿಗೆ ದಿನ ಬೆಳಗಾದರೆ ತನ್ನನ್ನು ಎತ್ತಿ ಕುಕ್ಕುವ ರಸ್ತೆಯೊಂದೇ ಕಣ್ಣಿಗೆ ಬಂತು. ಅವನು ನಿಧಾನವಾಗಿ ಬಾಯಿ ತೆರೆದ.

“ಚಕ್ರದಿಂದ ಸಾವು ಬರಬಾರದು ಅಂತ ಕೇಳಿದ್ದ ಮಾವ. ಬಸ್ಸು, ಲಾರಿ, ಸ್ಕೂಟರು, ಟಾಂಗಾ, ರೋಡ್ ರೋಲರ್ರು. ಉರುಳೋದು ಯಾವುದರಿಂದಲೂ ಸಾವಿಲ್ಲ. ಅದಕ್ಕೇ ಸೊಕ್ಕು ಅವನಿಗೆ.”

“ಭಲೆ! ಏನನ್ನ ಬಿಟ್ಟ?”

“ಕಾಲು! ನಡೆಯೋರನ್ನ ಮರೆತ! ಈಗಿನ ಕಾಲದಲ್ಲಿ ಯಾರು ನಡೀತಾರೆ ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ! ಬೋರ ನೇತಾಡ್ತಾ ಇದ್ದೋನು ಒಂದು ಸಲ ಸಿಳ್ಳೆ ಹಾಕಿದ. ಕೆಸರೆಯಿಂದ ಹೊರಟರು, ಲಷ್ಕರಿಂದ ಹೊರಟರು. ಪಾಳಿಗೆ ಹೋಗೋರು, ತರಕಾರಿಗೆ ಹೊರಟೋರು, ಬಸುರೀರು, ಬಾಣಂತೀರು. ಮುಂದಿದ್ದೋರು ಹಗ್ಗ ಎಳೆದು ಬೋರನ್ನ ಇಳಿಸಿದರು. ಹಿಂದಿದ್ದೋರು ರಾಕ್ಷಸನ ಮೇಲೆ ಹತ್ತಿದರು. ನಡೆದರು ಮಾವ, ನಡೆದರು, ನಡೆದರು!”

ಮೊದಲು ಬಸುರಿ ಸೊಸೆಯ ಅತ್ತೆ ನೆಲಕ್ಕೆ ಕಾಲು ಬಡಿದರು. ಆಮೇಲೆ ಪಕ್ಕದವರು. ಮೂಗಯ್ಯ ವೇದಿಕೆಯ ಹಲಗೆಗೆ ಬಡಿದರು. ನೂರು ಜೊತೆ ಪಾದಗಳು ಜಮಖಾನೆಯನ್ನು ತುಳಿದವು. ಡೆನ್ನಿಸ್ ರಾಕ್ಷಸನ ಚಿತ್ರವನ್ನು ಮೇಲಿನಿಂದ ಇಂಚಿಂಚಾಗಿ ಕೆಳಗಿಳಿಸುತ್ತಾ ಬಂದ. ನಾಗಾರ್ಜುನ ಅವರು ಶೂ ಬಿಚ್ಚಿಟ್ಟಿದ್ದರೂ ಸುಮ್ಮನಿರಲಿಲ್ಲ.

“ಕೊನೆಗೆ?” ಎಂದರು ಸದಾಶಿವಯ್ಯ ಕಾಲು ಬಡಿಯುತ್ತಲೇ.

“ಚಪ್ಪಟೆಯಾಗಿ, ಉದ್ದಕ್ಕೆ, ನುಣ್ಣಗೆ ರಸ್ತೆಯಾಗಿ ಮಲಗಿಬಿಟ್ಟ ಮಾವ. ಸತ್ತ.”

“ಹಾಗಾದ್ರೆ ಕಾಮಗಾರಿ ಮುಗೀತು ಅನ್ನಿ!” ಎಂದು ನಾಗಾರ್ಜುನ ಅವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಸದಾಶಿವಯ್ಯ ಎದ್ದು ನಿಂತು ಮಂಗಳ ಹಾಡಿದರು. ಅವರ ಅಷ್ಟು ಗಟ್ಟಿ ದನಿಯನ್ನು ಮಠ ಹತ್ತು ವರ್ಷದಿಂದ ಕೇಳಿರಲಿಲ್ಲ. ಆರತಿಯಾಯಿತು. ಪುಳಿಯೋಗರೆ ಇನ್ನೂ ಬೆಚ್ಚಗಿತ್ತು. ಅವರು ರಿಜಿಸ್ಟರನ್ನು ಅಳಿಯನ ಕೈಗಿಟ್ಟು, “ಕೊನೇದನ್ನ ಈಗಲೇ ಬರೆದುಬಿಡು, ಮರೆತುಹೋಗುತ್ತೆ,” ಎಂದರು. ಪ್ರಭುಸ್ವಾಮಿ ವೇದಿಕೆಯ ಮೂಲೆಯಲ್ಲಿ ಕುಳಿತು, ವಾಲ್ವಿನ ಪುಟದ ಹಿಂದೆಯೇ ಎರಡು ಪುಟ ಬರೆದು ಮುಗಿಸಿದ. ಡೆನ್ನಿಸ್ ಪಕ್ಕದಲ್ಲಿ ಕುಳಿತು ತುಳಿಯುವ ಪಾದಗಳನ್ನು ಗೀಚುತ್ತಿದ್ದ.

ಆಗ ಅಭಿಲಾಷ್ ಬಂದ. ಚೀಲದಿಂದ ಒಂದು ಹಾಳೆ ತೆಗೆದು ಅವನ ಮುಂದೆ ಹರಡಿದ. ಹೊಸ ಪುಸ್ತಕದ ಮುಖಪುಟ. ಕೆಂಪು ನೆಲದ ಮೇಲೆ ಹಳದಿ ಅಕ್ಷರ: ಕಥೆ: ಪ್ರಭುಸ್ವಾಮಿ. ಪ್ರಭುಸ್ವಾಮಿ ಹೆಬ್ಬೆಟ್ಟನ್ನು ‘ಪ್ರ’ದ ಮೇಲಿಟ್ಟು ನೋಡಿದ. ಅಷ್ಟೇ ದಪ್ಪ ಇತ್ತು.

“ಸಕತ್ತಾಗಿತ್ತು ಸಾರ್ ಕಾರ್ಯಕ್ರಮ! ಆದ್ರೆ ಆ ಕೊನೇ ಎರಡು ಪುಟ ತೆಗೆದ್ಬಿಡಿ. ಬೋರ ನೇತಾಡ್ತಾನೇ ಇರ್ಲಿ. ರಾಕ್ಷಸ ಸತ್ತೋದ್ರೆ ಎರಡನೇ ಭಾಗ ಯಾರ ಮೇಲೆ ಮಾಡೋದು? ಎರಡನೇ ಭಾಗ ಇಲ್ಲ ಅಂದ್ರೆ ಮೊದಲನೇದೂ ಇಲ್ಲ ಅಂತಾರೆ ಮಾಲೀಕರು. ಎರಡೇ ಪುಟ ಸಾರ್. ಹರಿದ್ಕೊಟ್ಬಿಡಿ.”

ಎಲೆಯ ಮುಂದೆ ಕುಳಿತಿದ್ದ ಸದಾಶಿವಯ್ಯನವರು ತುತ್ತು ಎತ್ತದೆ ಇತ್ತ ನೋಡುತ್ತಿದ್ದರು. ಸುಷ್ಮಾ ನೀರಿನ ಚೊಂಬು ಹಿಡಿದು ನಿಂತಿದ್ದಳು. ಸಭಾಂಗಣದ ಉದ್ದಕ್ಕೂ ನೂರು ಜನ, ರಾಕ್ಷಸ ಸತ್ತ ನೆಮ್ಮದಿಯಲ್ಲಿ, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಪ್ರಭುಸ್ವಾಮಿ ಮುಖಪುಟವನ್ನು ಮಡಿಕೆ ಬೀಳದಂತೆ ಜೋಪಾನವಾಗಿ ಸುತ್ತಿ, ಅಭಿಲಾಷನ ಕೈಗೇ ವಾಪಸ್ಸು ಇಟ್ಟ.

“ಮಂಗಳ ಹಾಡಿ ಆಗೋಗಿದೆ ಸಾರ್. ಹರಿಯಲ್ಲ.”